ನಿಯಮ ತಿದ್ದಿದ ಅಕ್ಕೋರು

ಹೋದ ತಿಂಗಳು ನಮ್ಮ ಕಾಲೇಜಿನಲ್ಲಿ ಅಕ್ಕೋರ ಬೀಳ್ಕೊಡುಗೆ ನಡೆಯಿತು. ವೇದಿಕೆಯ ಮೇಲೆ ಅವರ ಪಕ್ಕದ ಕುರ್ಚಿ ನನ್ನದು. ಭಾಷಣಕ್ಕೆ ಎದ್ದವರೆಲ್ಲ ‘ದೃಷ್ಟಿ ಇಲ್ಲದಿದ್ದರೂ’ ಎಂದೇ ಶುರುಮಾಡಿದರು. ದೃಷ್ಟಿ ಇಲ್ಲದಿದ್ದರೂ ಇಷ್ಟು ವರ್ಷ ಪಾಠ ಹೇಳಿದರು, ದೃಷ್ಟಿ ಇಲ್ಲದಿದ್ದರೂ ಬಸ್ಸಿನಲ್ಲಿ ಒಬ್ಬರೇ ಓಡಾಡಿದರು, ದೃಷ್ಟಿ ಇಲ್ಲದಿದ್ದರೂ ಸದಾ ನಗುನಗುತ್ತಿದ್ದರು. ಕೊನೆಯದನ್ನು ಕೇಳಿ ಅಕ್ಕೋರು ನನ್ನ ಕಡೆ ಬಾಗಿದರು.

"ನಾ ಯಾವಾಗ ಸದಾ ನಗುನಗುತ್ತಿದ್ದೆ ಮಾಸ್ತರೇ? ಇವರಿಗೆ ಬೇರೆ ಯಾರದೋ ಭಾಷಣ ಬರೆದುಕೊಟ್ಟಿದ್ದಾರೆ."

ಪಿಸುಮಾತೇ. ಆದರೆ ಮೈಕು ಹತ್ತಿರವಿತ್ತು, ಸಭೆಗೆಲ್ಲ ಕೇಳಿಸಿತು. ಹುಡುಗರು ಚಪ್ಪಾಳೆ ಹೊಡೆದರು. ಆಮೇಲೆ ಉತ್ತರ ಹೇಳಲು ಎದ್ದು ನಿಂತಾಗ ಅವರು, "ನನಗೆ ಕಣ್ಣು ಕಾಣುವುದಿಲ್ಲ ಅನ್ನೋದು ನಿಮಗೆಲ್ಲ ಚೆನ್ನಾಗಿ ನೆನಪಿದೆ. ನಾನು ಯಾವ ವಿಷಯ ಕಲಿಸುತ್ತಿದ್ದೆ ಅನ್ನೋದು ಯಾರಿಗಾದರೂ ನೆನಪಿದ್ದರೆ ಕೈ ಎತ್ತಿ. ಎತ್ತಿದ್ದು ನನಗೆ ಕಾಣುವುದಿಲ್ಲ, ಹಾಗಾಗಿ ಸುಳ್ಳೂ ಎತ್ತಬಹುದು" ಅಂದರು. ನಾನು ಮಾತಾಡುವ ಸರದಿ ಬರುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಎರಡು ಮಾತು ಹೇಳಿ ಕೂತೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರು, ಗಂಡಸರೆಲ್ಲ ಮಾಸ್ತರು. ಸಿದ್ದಾಪುರದ ನಮ್ಮ ಕಾಲೇಜಿನಲ್ಲಿ ಬೇರೆ ಅಕ್ಕೋರುಗಳೂ ಇದ್ದರು. ಆದರೆ ಹೆಸರು ಹಿಡಿಯದೆ ಬರೀ ‘ಅಕ್ಕೋರು’ ಅಂದರೆ ಅದು ದೊಡ್ಮನೆ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಈ ಇತಿಹಾಸದ ಅಕ್ಕೋರೇ. ನಾನು ಭೌತಶಾಸ್ತ್ರದವನು, ಮುಂಡಗೋಡ ಕಡೆಯಿಂದ ಬಂದವನು. ನನ್ನ ‘ಬರ್ರಿ, ಕೂಡ್ರಿ’ ಕೇಳಿದರೆ ಅವರಿಗೆ ತಮಾಷೆ. ಅವರಿಗೆ ಸಿಟ್ಟು ಬಂದಾಗ, ಇಲ್ಲವೇ ಬಹಳ ಖುಷಿಯಾದಾಗ, ಮನೆಮಾತೇ ಬಾಯಿಗೆ ಬರುತ್ತಿತ್ತು. ಎದುರಿದ್ದವನಿಗೆ ಅರ್ಥವಾಯಿತೋ ಇಲ್ಲವೋ ಎಂಬ ಚಿಂತೆ ಇಟ್ಟುಕೊಂಡವರಲ್ಲ.

ಹೊಸದಾಗಿ ಬಂದವರು ಅವರೆದುರು ನಿಂತು, ದನಿ ಬದಲಿಸಿ, "ನಾನ್ಯಾರು ಹೇಳಿ ನೋಡೋಣ" ಎಂದು ಆಟ ಆಡುವುದಿತ್ತು. ಅಕ್ಕೋರಿಗೆ ಅದು ಎಳ್ಳಷ್ಟೂ ಸೇರುತ್ತಿರಲಿಲ್ಲ. ಗುರುತು ಸಿಕ್ಕರೂ ಬೇಕೆಂದೇ ಆ ಮನುಷ್ಯನಿಗೆ ಆಗದವರ ಹೆಸರು ಹೇಳಿಬಿಡುತ್ತಿದ್ದರು. ಎರಡನೆಯ ಸಲ ಯಾರೂ ಆಡುತ್ತಿರಲಿಲ್ಲ. ಒಮ್ಮೆ ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಪುಣ್ಯಾತ್ಮರು ಇವರ ತೋಳು ಹಿಡಿದು, ಕೇಳದೆ ಮಾಡದೆ, ಸಿರಸಿ ಬಸ್ಸಿಗೆ ಹತ್ತಿಸಿದರು. ಇವರಿಗೆ ಹೋಗಬೇಕಿದ್ದದ್ದು ಮನೆಗೆ, ದೊಡ್ಮನೆಗೆ, ಪೂರಾ ಬೇರೆ ದಿಕ್ಕಿಗೆ. ಕಾನಸೂರಿನಲ್ಲಿ ಇಳಿದು ನನಗೆ ಫೋನು ಮಾಡಿದರು.

"ಮಾಸ್ತರೇ, ನಾ ಕಾನಸೂರಿನಲ್ಲಿದ್ದೇನೆ. ಉಪಕಾರ ಆಗಿ ಇಲ್ಲಿಗೆ ಬಂದೆ. ಬೈಕ್ ತಗೊಂಡು ಬನ್ನಿ."

ದಾರಿಯುದ್ದಕ್ಕೂ ಹಿಂದೆ ಕೂತು ಆ ಪುಣ್ಯಾತ್ಮನಿಗೆ ಬೈದರು. ತಪ್ಪು ಬಸ್ಸು ಹತ್ತಿಸಿದ್ದಕ್ಕಲ್ಲ, ‘ಎಲ್ಲಿಗೆ’ ಎಂದು ಕೇಳದೇ ಇದ್ದುದಕ್ಕೆ.

ಅವರ ತರಗತಿಯ ಹೊರಗೆ ಎಷ್ಟೋ ಸಲ ನಿಂತು ಕೇಳಿದ್ದೇನೆ. ಬನವಾಸಿಯ ಕದಂಬರಿರಲಿ, ಮುಂಬಯಿ ಸರಕಾರದ ಕಾಲದ ಕಾಡಿನ ಕಾನೂನಿರಲಿ, ಪಾಠ ಮುಗಿಯುವ ಹೊತ್ತಿಗೆ ಹುಡುಗರಿಗೆ ಒಂದಿಷ್ಟು ಪ್ರಶ್ನೆ ಇದ್ದೇ ಇರುತ್ತಿತ್ತು. ಹುಕುಂ ಯಾರದು? ಕೆಲಸ ಮಾಡುವವರು ಯಾರು? ನಿಯಮ ಎಲ್ಲಿ ಬರೆದಿಟ್ಟಿದ್ದಾರೆ, ಅದನ್ನು ತಿದ್ದಲಿಕ್ಕೆ ಯಾರಿಗೆ ಆಗುತ್ತದೆ? ಇಸವಿ ಮರೆತರೆ ಅವರು ಬೇಸರ ಮಾಡುತ್ತಿರಲಿಲ್ಲ. ಇವಕ್ಕೆ ಉತ್ತರ ಹೇಳದವರನ್ನು ಮಾತ್ರ ಬಿಡುತ್ತಿರಲಿಲ್ಲ.

ನಮ್ಮ ಕಂಪ್ಯೂಟರ್ ಲ್ಯಾಬಿಗೆ ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಬಂದದ್ದು ಅಕ್ಕೋರಿಗೆ ದೊಡ್ಡ ಹಬ್ಬವಾಗಿತ್ತು. ಪರದೆಯ ಮೇಲಿನದನ್ನು ಓದಿ ಹೇಳುವ ಪ್ರೋಗ್ರಾಂ ಎಲ್ಲ ಯಂತ್ರಗಳಲ್ಲೂ ಇತ್ತು. ಅದನ್ನು ಅವರು ಎಷ್ಟು ವೇಗವಾಗಿ ಓಡಿಸುತ್ತಿದ್ದರೆಂದರೆ ನಮಗೆ ಅದು ಮಾತು ಅಂತಲೇ ತಿಳಿಯುತ್ತಿರಲಿಲ್ಲ, ಎಣ್ಣೆಗೆ ಸಾಸಿವೆ ಹಾಕಿದಂತೆ ಚಟಪಟ ಸದ್ದು ಅಷ್ಟೆ. ಅದರ ಜೊತೆಗೆ ಅವರ ಚೀಲದಲ್ಲಿ ಒಂದು ಬ್ರೈಲ್ ಪಟ್ಟಿ ಇರುತ್ತಿತ್ತು. ಕೀಬೋರ್ಡಿನ ಮುಂದೆ ಇಡುವ ಉದ್ದನೆಯ ಸಾಧನ. ಪರದೆಯ ಸಾಲು ಅದರ ಮೇಲೆ ಸಣ್ಣ ಸಣ್ಣ ಮೊಳೆಗಳಾಗಿ ಎದ್ದು ನಿಲ್ಲುತ್ತದೆ, ಬೆರಳಾಡಿಸಿ ಓದಬಹುದು. ಯಾವ ಕಂಪ್ಯೂಟರಿಗೆ ಚುಚ್ಚಿದರೂ ಅದು ತಾನಾಗಿಯೇ ಎಚ್ಚರಾಗುತ್ತಿತ್ತು. ಅಕ್ಕೋರು ದಿನಕ್ಕೊಂದು ಕುರ್ಚಿ ಬದಲಿಸುತ್ತಿದ್ದರು. ಯಾಕೆ ಎಂದರೆ, "ಆಗ್ತದಲ್ಲ, ಅದಕ್ಕೇ" ಎನ್ನುತ್ತಿದ್ದರು.

ಹೀಗಿರುವಾಗ ನನ್ನ ವಿಭಾಗಕ್ಕೆ ಶಾಖ ಅಳೆಯುವ ಸೆನ್ಸರ್ ಜೋಡಿಸಿದ ಪುಟ್ಟ ಸರ್ಕ್ಯೂಟ್ ಬೋರ್ಡುಗಳು ಬಂದವು. ಕಾನಸೂರಿನವಳೊಬ್ಬಳು, ಹೆಗ್ಗರಣೆಯವಳೊಬ್ಬಳು, ಇಬ್ಬರು ವಿದ್ಯಾರ್ಥಿನಿಯರು ಜೇನುಪೆಟ್ಟಿಗೆಯ ಒಳಗಿನ ಶಾಖ ಅಳೆಯುವ ಪ್ರಯೋಗ ಹಚ್ಚಿಕೊಂಡಿದ್ದರು. ಹುಳಗಳು ರೆಕ್ಕೆ ಬೀಸಿ ಗೂಡನ್ನು ತಂಪಾಗಿಡುವುದು ಯಾವಾಗ, ಒತ್ತಾಗಿ ಕೂತು ಬೆಚ್ಚಗಿಡುವುದು ಯಾವಾಗ ಎಂಬುದನ್ನು ಅಂಕಿಗಳಲ್ಲಿ ಹಿಡಿಯಬೇಕೆಂದು ಅವರ ಆಸೆ. ಯಲ್ಲಾಪುರದಲ್ಲಿ ನಡೆಯಲಿದ್ದ ಅಂತರ ಕಾಲೇಜು ವಿಜ್ಞಾನ ಪ್ರದರ್ಶನಕ್ಕೆ ಅದನ್ನು ಒಯ್ಯಬೇಕಿತ್ತು.

ಬೋರ್ಡನ್ನು ಕಂಪ್ಯೂಟರಿಗೆ ಚುಚ್ಚಿದರೆ ಅದಕ್ಕೊಂದು ಪೋರ್ಟ್ ಹುಟ್ಟಬೇಕು, ಆ ದಾರಿಯಿಂದಲೇ ಅಂಕಿಗಳು ಒಳಗೆ ಬರುವುದು. ಪೋರ್ಟ್ ಹುಟ್ಟುತ್ತಿತ್ತು. ಹುಟ್ಟಿದ ಕ್ಷಣವೇ ಮಾಯವಾಗುತ್ತಿತ್ತು. ವೈರು ಬದಲಿಸಿದೆವು, ಬೋರ್ಡು ಬದಲಿಸಿದೆವು, ಯಂತ್ರ ಬದಲಿಸಿದೆವು. ಎಲ್ಲ ಕಡೆ ಅದೇ ಕತೆ. ಕೊನೆಗೆ ಲ್ಯಾಬಿನ ಉಸ್ತುವಾರಿ ನೋಡಿಕೊಳ್ಳುವ ತಂತ್ರಜ್ಞನನ್ನು ಸಿರಸಿಯಿಂದ ಕರೆಸಿದೆವು. ಚುರುಕಿನ ಯುವಕ. ಇಂಟರ್ನೆಟ್ಟಿನಲ್ಲಿ ಹುಡುಕಿ, ಸ್ಟಾಫ್ ರೂಮಿಗೆ ಬಂದು ಪ್ರಾಂಶುಪಾಲರ ಎದುರೇ ಪರಿಹಾರ ಹೇಳಿದ.

"ಸರ್, ಇದು ಎಲ್ಲ ಕಡೆ ಇರೋ ತೊಂದರೆಯೇ. ಕುರುಡರ ಬ್ರೈಲ್ ಪ್ರೋಗ್ರಾಂ ಒಂದಿದೆ, ಅದು ಬೋರ್ಡನ್ನ ಕಸಕೊಳ್ತಾ ಇದೆ. ಎಲ್ಲರೂ ಅದನ್ನ ತೆಗೆದುಹಾಕ್ತಾರೆ. ನಾವೂ ತೆಗೆದ್ರೆ ಆಯ್ತು. ಹೆಂಗೂ ಅದನ್ನ ಯಾರೂ ಬಳಸೂದಿಲ್ಲ."

ಕಿಟಕಿಯ ಹತ್ತಿರ ಕೂತಿದ್ದ ಅಕ್ಕೋರು ಕೈಯಲ್ಲಿದ್ದ ಚಹದ ಲೋಟ ಕೆಳಗಿಟ್ಟರು.

"ಯಾರೂ ಅಂದ್ರೆ?"

ಪಾಪ, ಆ ಯುವಕನಿಗೆ ಗೊತ್ತಿರಲಿಲ್ಲ. ತಿರುಗಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಪ್ರಾಂಶುಪಾಲರು ನಡುವೆ ಬಂದರು. ಅವರು ಕೆಟ್ಟವರಲ್ಲ, ಜಗಳವೆಂದರೆ ಹೆದರುವವರು, ಅಷ್ಟೆ.

"ಅಕ್ಕೋರೇ, ಬೇಜಾರು ಮಾಡ್ಕೋಬೇಡಿ. ನಿಮಗೆ ಅಂತಲೇ ಒಂದು ಕಂಪ್ಯೂಟರ್ ಬೇರೆ ಇಡೋಣ. ಇಲ್ಲೇ ಸ್ಟಾಫ್ ರೂಮಿನ ಮೂಲೆಯಲ್ಲಿ, ಫ್ಯಾನಿನ ಕೆಳಗೆ. ಯಾರೂ ಮುಟ್ಟೋ ಹಾಗಿಲ್ಲ."

"ಮೂಲೆ ನನಗೆ ಹೊಸದಲ್ಲ ಸರ್" ಅಂದರು ಅಕ್ಕೋರು. "ನಾ ಕಾಲೇಜು ಓದುವಾಗ ಪರೀಕ್ಷೆಗೆ ಆಫೀಸಿನ ಮೂಲೆಯಲ್ಲಿ ಕೂರಿಸುತ್ತಿದ್ದರು, ಟೈಪಿಸ್ಟಿನ ಪಕ್ಕ. ನಾ ಹೇಳಿದ್ದು ಬರೆಯುವವಳಿಗೆ ಕೇಳುತ್ತಿರಲಿಲ್ಲ, ಅವಳು ಓದಿದ್ದು ನನಗೆ ಕೇಳುತ್ತಿರಲಿಲ್ಲ. ಅದನ್ನೂ ವಿಶೇಷ ವ್ಯವಸ್ಥೆ ಅಂತಲೇ ಕರೆದಿದ್ದರು. ಮುಂದಿನ ವರ್ಷ ಕಣ್ಣು ಕಾಣದ ಹುಡುಗಿ ಒಬ್ಬಳು ಸೇರ್ತಾಳೆ ಅಂತ ಇಟ್ಕೊಳ್ಳಿ. ಲ್ಯಾಬಿಗೆ ಬರಬೇಡ, ಮೂಲೆಗೆ ಹೋಗು ಅಂತ ಹೇಳ್ತೀರಾ?"

ಹೊರಗೆ ನನ್ನ ಇಬ್ಬರು ವಿದ್ಯಾರ್ಥಿನಿಯರು ಬಾಗಿಲಿಗೆ ಒರಗಿ ನಿಂತಿದ್ದರು. ಅವರ ಪ್ರಯೋಗವೂ ನಿಲ್ಲುವ ಹಾಗಿರಲಿಲ್ಲ. ಪ್ರಾಂಶುಪಾಲರು ಕನ್ನಡಕ ತೆಗೆದು ಒರೆಸಿ, "ಶನಿವಾರದವರೆಗೆ ನೋಡಿ. ಬೇರೆ ದಾರಿ ಸಿಕ್ಕದಿದ್ದರೆ ತೆಗೆಸೋದೇ" ಅಂದರು.

"ಸಿಕ್ತದೆ" ಅಂದರು ಅಕ್ಕೋರು. ಹೇಗೆ ಸಿಗುತ್ತದೆ ಎಂಬುದು ಆಗ ಅವರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಇಬ್ಬರೂ ಲ್ಯಾಬಿನಲ್ಲಿ ಕೂತೆವು. ಕಂಪ್ಯೂಟರು ತನ್ನೊಳಗೆ ಆದದ್ದನ್ನೆಲ್ಲ ಸಾಲುಸಾಲಾಗಿ ಬರೆದಿಟ್ಟುಕೊಂಡಿರುತ್ತದೆ. ಅಕ್ಕೋರು ಅದನ್ನು ಚಟಪಟ ಸದ್ದಿನಲ್ಲಿ ಕೇಳಿಸಿಕೊಂಡು ಒಂದು ಕಡೆ ನಿಲ್ಲಿಸಿದರು.

"ಬೋರ್ಡು ಬಂತು. ಅದನ್ನ ನಡೆಸೋ ಡ್ರೈವರ್ ಬಂತು. ಪೋರ್ಟ್ ಕೊಡ್ತು. ಅದರ ಬೆನ್ನಿಗೇ ಆ ಬ್ರೈಲ್ ಪ್ರೋಗ್ರಾಮಿನ ಸೇವೆ ಬಂತು, ಡ್ರೈವರನ್ನ ಎಬ್ಬಿಸಿ ತಾನು ಕೂತ್ಕೊಂಡ್ತು. ಆ ಹುಡುಗ ಹೇಳಿದ್ದು ಸುಳ್ಳಲ್ಲ. ಇದನ್ನೆಲ್ಲ ಯಾರು ಯಾರಿಗೆ ಹೇಳ್ತಾರೆ ಮಾಸ್ತರೇ? ಹುಕುಂ ಯಾರದು?"

ನಾನು ನನಗೆ ಗೊತ್ತಿದ್ದಷ್ಟು ಹೇಳಿದೆ. "ಲಿನಕ್ಸಿನ ತಿರುಳಿಗೆ ಕರ್ನಲ್ ಅಂತಾರ್ರಿ. ಯಂತ್ರ ಮುಟ್ಟೋ ಹಕ್ಕು ಅದಕ್ಕಷ್ಟ. ನಾವು ಬಳಸೋ ಪ್ರೋಗ್ರಾಂ ಎಲ್ಲ ಅದರ ಹೊರಗ. ಸಾಧನ ಚುಚ್ಚಿದ ಕೂಡಲೇ ಅದು ತನ್ನ ನಂಬರ್ ಹೇಳತೈತಿ. ಕರ್ನಲ್ ಆ ನಂಬರ್ ಓದಿ, ಇಂಥಾದ್ದು ಬಂದೈತಿ ಅಂತ ಹೊರಗ ಸಾರತೈತಿ."

"ಸಾರಿ ತಾನೇ ಡ್ರೈವರನ್ನ ಕರೀತದಾ?"

"ಇಲ್ಲರಿ. ಯಾರನ್ನ ಕರೀಬೇಕು ಅಂತ ನೋಡೋದು ಹೊರಗಿನ ಒಂದು ಸೇವೆ. ಅದರ ಹತ್ರ ನಿಯಮದ ಫೈಲು ಇರತಾವ. ನಂಬರಿಗೆ ಯಾವ ಡ್ರೈವರ್ ಹೊಂದತೈತಿ ಅಂತ ಅದು ಹುಡುಕಿ ಕರ್ನಲ್ಲಿಗೆ ಒಪ್ಪಿಸತೈತಿ. ಆಮ್ಯಾಲೆ ಡ್ರೈವರ್ ಒಳಗ ಹೋಗಿ ಕೆಲಸ ಮಾಡತೈತಿ. ಬ್ರೈಲ್ ಸೇವೆನ್ನ ಎಬ್ಬಿಸೋದೂ ಅಂಥಾದ್ದೇ ಇನ್ನೊಂದು ನಿಯಮ."

"ಅಂದ್ರೆ ಅಧಿಕಾರ ಪೂರಾ ಒಳಗೆ. ಆದ್ರೆ ಯಾರು ಬರಬೇಕು ಅನ್ನೋ ನಿಯಮ ಹೊರಗೆ."

"ಹೌದ್ರಿ."

"ಆ ನಿಯಮ ಎಂತದ್ರಲ್ಲಿ ಬರೆದಿದ್ದಾರೆ?"

"ಸಾದಾ ಅಕ್ಷರದಾಗರಿ. ತೆರೆದು ಓದಬಹುದು."

"ತಿದ್ಲಕ್ಕಾ?"

"ಲ್ಯಾಬಿನ ಪಾಸ್‌ವರ್ಡ್ ನನ್ನ ಹತ್ರ ಐತಿ. ತಿದ್ದಬಹುದು. ಕರ್ನಲ್ಲಿಗೆ ಕೈ ಹಚ್ಚೋದೇ ಬ್ಯಾಡ."

ಅಕ್ಕೋರು ಮೇಜು ಗುದ್ದಿದರು. "ಮಾಸ್ತರೇ, ಮುಂಬಯಿ ಸರಕಾರಕ್ಕಿಂತ ಇದು ಅಡ್ಡಿಲ್ಲೆ!"

ಆ ಹೊತ್ತಿನಿಂದ ಅವರಿಗೆ ಇದು ಕಂಪ್ಯೂಟರಿನ ವಿಷಯವಾಗಿ ಉಳಿಯಲಿಲ್ಲ. ತಮ್ಮದೇ ಪಾಠದ ವಿಷಯವಾಯಿತು. ಫೈಲು ತೆರೆಸಿದರು. ಎಡಗೈ ಬ್ರೈಲ್ ಪಟ್ಟಿಯ ಮೇಲೆ, ಬಲಗೈ ಕೀಲಿಗಳ ಮೇಲೆ. ಒಂದೊಂದೇ ಸಾಲು ಓದುತ್ತ ಹೋದರು. ಗೊಂದಲ ಎಲ್ಲಿದೆ ಎಂಬುದು ಬೇಗ ತಿಳಿಯಿತು. ನನ್ನ ಬೋರ್ಡಿನೊಳಗೂ ಅವರ ಪಟ್ಟಿಯೊಳಗೂ ಒಂದೇ ಜಾತಿಯ ಪುಟ್ಟ ಚಿಪ್ ಇತ್ತು. ಹಾಗಾಗಿ ಎರಡೂ ಒಂದೇ ನಂಬರ್ ಹೇಳುತ್ತಿದ್ದವು. ನಿಯಮ ಬರೆದವರು ಆ ನಂಬರ್ ಕಂಡರೆ ಬ್ರೈಲ್ ಪಟ್ಟಿಯೇ ಬಂತೆಂದು ತಿಳಿಯಿರಿ ಎಂದು ಬರೆದಿದ್ದರು. ಬ್ರೈಲ್ ಸೇವೆ ಪಾಪ, ಹೇಳಿದಷ್ಟು ಮಾಡುತ್ತಿತ್ತು.

ಮೊದಲು ಆ ಸಾಲನ್ನೇ ನಿಲ್ಲಿಸಿ ನೋಡಿದೆವು. ಬೋರ್ಡು ಕೆಲಸ ಮಾಡಿತು. ಅಕ್ಕೋರು ತಮ್ಮ ಪಟ್ಟಿ ಕಿತ್ತು ಮತ್ತೆ ಚುಚ್ಚಿದರು. ಒಂದು ಮೊಳೆಯೂ ಏಳಲಿಲ್ಲ. ಸಪಾಟಾದ ಆ ಪಟ್ಟಿಯ ಮೇಲೆ ಎರಡೂ ಕೈ ಆಡಿಸಿದರು.

"ಇದು ಪ್ರಾಂಶುಪಾಲರು ಹೇಳಿದ್ದನ್ನೇ ನಾವು ಮಾಡಿದ ಹಾಗಾಯ್ತು. ವಾಪಸ್ ಹಾಕಿ."

ಮರುದಿನ ಎರಡೂ ಸಾಧನಗಳು ತಮ್ಮ ಬಗ್ಗೆ ಹೇಳಿಕೊಳ್ಳುವ ವಿವರಗಳನ್ನೆಲ್ಲ ಹೊರತೆಗೆದು ಓದಿದೆವು. ನಂಬರ್ ಒಂದೇ ಎಂದು ನೋಡಿ ನಾನು ಕೈಬಿಟ್ಟಿದ್ದೆ. ಅಕ್ಕೋರು ಬಿಡಲಿಲ್ಲ, ಕಿವಿಯಲ್ಲೇ ಕೇಳುತ್ತ ಕೆಳಕೆಳಗೆ ಹೋದರು. ನಂಬರಿನ ಜೊತೆ ಸಾಧನ ಒಂದು ಹೆಸರನ್ನೂ ಹೇಳುತ್ತದೆ. ಬೋರ್ಡಿನ ಹೆಸರು ಚಿಪ್ ಮಾಡಿದವರು ಇಟ್ಟ ಸಾಮಾನ್ಯ ಹೆಸರು. ಪಟ್ಟಿಯನ್ನು ಮಾಡಿದವರು ಮಾತ್ರ ತಮ್ಮದೇ ಹೆಸರು ಕೊಟ್ಟಿದ್ದರು, ಎರಡು ಪದದ್ದು.

"ಹಾಗಾದ್ರೆ ಆಯ್ತಲ್ಲ" ಅಂದರು. "ನಂಬರ್ ಇದಾಗಿದ್ದು, ಹೆಸರೂ ಇದೇ ಆಗಿದ್ರೆ ಮಾತ್ರ ಬ್ರೈಲ್ ಸೇವೆಯನ್ನ ಎಬ್ಬಿಸು. ಬರೀ ನಂಬರ್ ಕಂಡ್ರೆ ಮಲಗಿರಲಿ."

ಅವರು ಹೇಳಿದರು, ನಾನು ಬರೆದೆ. ಪಟ್ಟಿ ಚುಚ್ಚಿದರು. ಸಪಾಟು. ಮತ್ತೆ ಚುಚ್ಚಿದರು. ಸಪಾಟು. ಹೆಸರನ್ನು ಅಕ್ಷರ ಅಕ್ಷರ ಓದಿ ನೋಡಿದೆ, ಓದುವ ಪ್ರೋಗ್ರಾಮಿನಿಂದ ಅವರೂ ಓದಿಸಿ ಕೇಳಿದರು. ಎಲ್ಲ ಸರಿಯಾಗಿಯೇ ಇತ್ತು. ಅಂದು ಶುಕ್ರವಾರ. ಬಸ್ಸಿನ ಹೊತ್ತಾಗಿತ್ತು. ಅಕ್ಕೋರು ಚೀಲ ಹೆಗಲಿಗೇರಿಸಿ ಒಂದೂ ಮಾತಾಡದೆ ಹೊರಟರು. ಅವರು ಮಾತಾಡದೆ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಶನಿವಾರ ಬೆಳಿಗ್ಗೆ ನಾನು ಬರುವ ಮೊದಲೇ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರು.

"ಹಳೆಯ ನಿಯಮ ಹಾಕಿ, ನನ್ನ ಪಟ್ಟಿ ಎಚ್ಚರಾಗಲಿ. ಹೆಸರನ್ನ ಬೆರಳಲ್ಲಿ ಓದಬೇಕು. ನಿನ್ನೆ ನೀವು ಕಣ್ಣಲ್ಲಿ ಓದಿದ್ರಿ, ನಾ ಕಿವಿಯಲ್ಲಿ ಓದಿದೆ."

ಹಾಕಿದೆ. ಮೊಳೆಗಳೆದ್ದವು. ಪಟ್ಟಿಯ ಹೆಸರಿದ್ದ ಸಾಲಿನ ಮೇಲೆ ಬೆರಳು ನಡೆಸಿದರು. ಆಮೇಲೆ ನಾನು ಬರೆದ ನಿಯಮದ ಸಾಲಿನ ಮೇಲೆ. ತಿರುಗಿ ಮೊದಲಿನದಕ್ಕೆ ಹೋದರು. ಒಂದು ಜಾಗದಲ್ಲಿ ಬೆರಳು ನಿಂತಿತು.

"ಮಾಸ್ತರೇ, ಈ ಎರಡು ಪದದ ನಡುವೆ ಎಷ್ಟು ಖಾಲಿ ಬಿಟ್ಟಿದ್ದೀರಿ?"

"ಒಂದರಿ."

"ಇಲ್ಲಿ ಎರಡು ಇದ್ದು!"

ಇದ್ದದ್ದು ಅಷ್ಟೇ. ಪಟ್ಟಿ ತಯಾರಿಸಿದ ಯಾರೋ, ಯಾವುದೋ ದೇಶದಲ್ಲಿ, ಹೆಸರಿನ ನಡುವೆ ಒಂದು ಸಲ ಜಾಸ್ತಿ ಒತ್ತಿದ್ದ. ನನ್ನ ಕಣ್ಣು ಅದರ ಮೇಲೆ ಜಾರಿ ಹೋಗಿತ್ತು. ಓದುವ ಪ್ರೋಗ್ರಾಂ ಖಾಲಿಯನ್ನು ಓದಿ ಹೇಳುವುದೇ ಇಲ್ಲ. ಬೆರಳಿಗೆ ಮಾತ್ರ ಎರಡು ಖಾಲಿ ಮನೆ ಬೇರೆ ಬೇರೆಯಾಗಿ ಸಿಕ್ಕಿದ್ದವು.

ತಿದ್ದಿದೆ. ಅಕ್ಕೋರು ಪಟ್ಟಿ ಕಿತ್ತರು, ಮತ್ತೆ ಚುಚ್ಚಿದರು. ಕರಕರ ಎಂದು ಮೊಳೆಗಳೆಲ್ಲ ಎದ್ದವು. ನಾನು ಪಕ್ಕದಲ್ಲೇ ಬೋರ್ಡು ಚುಚ್ಚಿದೆ. ಪೋರ್ಟ್ ಹುಟ್ಟಿತು. ಕಾದೆವು. ಅದು ಹೋಗಲಿಲ್ಲ. ಪರದೆಯ ಮೇಲೆ ಅಂಕಿಗಳು ಒಂದರ ಕೆಳಗೊಂದು ಇಳಿಯತೊಡಗಿದವು.

"ಎರಡೂ ಬಂಜು ಮಾಸ್ತರೇ! ಎರಡೂ ಬಂಜು! ಒಂದನ್ನೊಂದು ದೂಡಿದ್ದಿಲ್ಲೆ!"

ಎರಡೂ ಬಂದವು ಎಂಬ ಆ ಕೂಗಿಗೆ ಪಕ್ಕದ ತರಗತಿಯ ಪಾಠ ನಿಂತು ಹುಡುಗರು ಕಿಟಕಿಗೆ ಬಂದರು. ಪ್ರಾಂಶುಪಾಲರು ಏನೋ ಅವಘಡವಾಯಿತೆಂದು ಓಡಿ ಬಂದರು. ಅಕ್ಕೋರು ಅವರನ್ನು ಕೂರಿಸಿ, ಪಟ್ಟಿ ಚುಚ್ಚಿ ತೋರಿಸಿದರು, ಬೋರ್ಡು ಚುಚ್ಚಿ ತೋರಿಸಿದರು, ಎರಡನ್ನೂ ಕಿತ್ತು ಸರದಿ ಬದಲಿಸಿ ಮತ್ತೆ ತೋರಿಸಿದರು. ಪ್ರಾಂಶುಪಾಲರು ಸಾಕು ಅಂದರೂ ಬಿಡಲಿಲ್ಲ. ಕೊನೆಗೆ ಅವರು ಎದ್ದು ನಿಂತು, "ಅಕ್ಕೋರೇ, ಒಂದು ಯಂತ್ರದಿಂದಲೂ ತೆಗೆಸೋದಿಲ್ಲ. ಆಯ್ತಾ?" ಅಂದಾಗಲೇ ಬಿಟ್ಟದ್ದು.

ಮಧ್ಯಾಹ್ನ ಸಿರಸಿಯ ತಂತ್ರಜ್ಞ ಬಂದ. ತೆಗೆಯಲೆಂದು ಬಂದವನು ನಿಯಮ ಓದಿ, ತಾನೂ ಚುಚ್ಚಿ ನೋಡಿ, ಕುರ್ಚಿಯಲ್ಲಿ ಹಿಂದಕ್ಕೊರಗಿದ.

"ಮೇಡಂ, ಇದನ್ನ ನಾ ಬೇರೆ ಕಾಲೇಜುಗಳಲ್ಲೂ ಹಾಕ್ಲಾ?"

"ಹಾಕು ತಮಾ. ಆದ್ರೆ ಯಾರೂ ಬಳಸ್ತಿಲ್ಲೆ ಹೇಳಿ ಇನ್ನು ಎಲ್ಲೂ ಹೇಳಡ."

"ಇಲ್ಲ ಮೇಡಂ, ಹೇಳೂದಿಲ್ಲ" ಎಂದ. ಅಂದಿನಿಂದ ಸಿದ್ದಾಪುರಕ್ಕೆ ಬಂದಾಗಲೆಲ್ಲ ಅಕ್ಕೋರನ್ನು ಮಾತಾಡಿಸದೆ ಅವನು ಹೋಗುತ್ತಿರಲಿಲ್ಲ. ಇಬ್ಬರೂ ಕೂತು ಯಾವ ಯಾವುದೋ ನಿಯಮಗಳ ಬಗ್ಗೆ ವಾದ ಮಾಡುತ್ತಿದ್ದರು. ಗೆಲ್ಲುತ್ತಿದ್ದವರು ಅಕ್ಕೋರೇ. ಅವರು ಸರಿಯಿದ್ದಾಗಲೂ ಗೆಲ್ಲುತ್ತಿದ್ದರು, ತಪ್ಪಿದ್ದಾಗಲೂ.

ಅವರಲ್ಲಿ ವಿನಯ ಅನ್ನುವುದು ಇರಲಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಬ್ರೈಲ್ ಪ್ರೋಗ್ರಾಂ ಬರೆಯುವ ತಂಡಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಮೇಲ್ ಕಳಿಸಿದರು. ಕಳಿಸುವಾಗ ತಾವೇ ಇದನ್ನು ಜಗತ್ತಿಗೆ ಮೊದಲು ತಿಳಿಸುತ್ತಿರುವುದು ಎಂದು ನಂಬಿದ್ದರು. ಎಷ್ಟೋ ಜನ ಆಗಲೇ ದೂರು ಕೊಟ್ಟಿದ್ದಾರೆಂದು ಉತ್ತರ ಬಂದಾಗ ಮುಖ ಸಣ್ಣದಾಯಿತು. ಆದರೆ ಅದೇ ಉತ್ತರದಲ್ಲಿ ಮುಂದೆ ಒಂದು ಮಾತಿತ್ತು. ಬೋರ್ಡಿನವರೆಲ್ಲ ಪ್ರೋಗ್ರಾಮನ್ನು ಕಿತ್ತುಹಾಕಿದೆವು ಎಂದು ಬರೆದಿದ್ದಾರೆ, ಬೆರಳಿನಲ್ಲಿ ಓದುವವರೊಬ್ಬರು ಎರಡೂ ಉಳಿಯಬೇಕೆಂದು ಬರೆದದ್ದು ಇದೇ ಮೊದಲು,  ಹೆಸರನ್ನೂ ನೋಡುವ ಸಲಹೆಯನ್ನು ತೆಗೆದುಕೊಳ್ಳುತ್ತೇವೆ ಎಂದು. ಅಕ್ಕೋರು ಆ ಸಾಲನ್ನು ಸ್ಟಾಫ್ ರೂಮಿನಲ್ಲಿ ನನ್ನಿಂದ ಜೋರಾಗಿ ಓದಿಸಿದರು. ಹಿಂದಿಯ ಮಾಸ್ತರು ಹೊರಗೆ ಹೋಗಿದ್ದರೆಂದು, ಅವರು ಬಂದ ಮೇಲೆ ಮತ್ತೊಮ್ಮೆ ಓದಿಸಿದರು.

ಕೆಲವು ತಿಂಗಳ ನಂತರ ಆ ಪ್ರೋಗ್ರಾಮಿನ ಹೊಸ ಆವೃತ್ತಿ ಬಂತು. "ನಮ್ಮ ನಿಯಮ ತೆಗೆದುಹಾಕಿ ನೋಡಿ" ಅಂದರು ಅಕ್ಕೋರು. ತೆಗೆದೆ. ಪಟ್ಟಿ ಎದ್ದಿತು, ಬೋರ್ಡೂ ಉಳಿಯಿತು. ನಾವು ಬರೆದದ್ದರ ಅಗತ್ಯವೇ ಉಳಿದಿರಲಿಲ್ಲ. ಅಂದು ಸಂಜೆ ದೊಡ್ಮನೆ ಬಸ್ಸಿನ ಕಂಡಕ್ಟರಿಗೂ ಅವರು ಇದನ್ನು ವಿವರಿಸಿದರಂತೆ. ಅವನು ಏನೂ ತಿಳಿಯದೆ, "ಒಳ್ಳೇದಾತು ಬಿಡಿ ಅಕ್ಕೋರೆ" ಅಂದನಂತೆ. ಅಷ್ಟು ಸಾಕಾಗಿತ್ತು ಅವರಿಗೆ.

ನಾನು ಮುಖ್ಯವಾಗಿ ಹೇಳಬೇಕೆಂದಿದ್ದದ್ದು ಯಲ್ಲಾಪುರದ ಪ್ರದರ್ಶನದ ಸಂಗತಿ. ಅದು ಆ ಶನಿವಾರದ ಮುಂದಿನ ವಾರವೇ ನಡೆದದ್ದು. ನಮ್ಮ ವಿದ್ಯಾರ್ಥಿನಿಯರಿಗೆ ಮೊದಲ ಬಹುಮಾನ ಬಂತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಅಕ್ಕೋರು ಇತಿಹಾಸದವರಾದ್ದರಿಂದ ಅವರಿಗೆ ಅಲ್ಲಿ ಕೆಲಸವಿರಲಿಲ್ಲ. ಆದರೆ ಹುಡುಗಿಯರು ಬಿಡಲಿಲ್ಲ. ಬೆಳಿಗ್ಗೆ ಟೆಂಪೋದಲ್ಲಿ ಸಿರಸಿಯ ಮೇಲಿಂದ ಯಲ್ಲಾಪುರಕ್ಕೆ ಹೋದೆವು. ಹಿಂದೆ ಬಲೆ ಕಟ್ಟಿದ ಜೇನುಪೆಟ್ಟಿಗೆ, ಮುಂದೆ ಅಕ್ಕೋರು. ತಿರುವು ಬಂದಾಗಲೆಲ್ಲ ಹಿಂದಿನಿಂದ ಹುಳಗಳ ಗುಂಯ್ ಏರುತ್ತಿತ್ತು. "ಅವಕ್ಕೂ ನನ್ನ ಹಾಗೆ ಘಟ್ಟದ ರಸ್ತೆ ಆಗೂದಿಲ್ಲ" ಎಂದು ಅಕ್ಕೋರು ದಾರಿಯುದ್ದಕ್ಕೂ ನಿಂಬೆಹಣ್ಣು ಮೂಸುತ್ತಿದ್ದರು.

ಸಭಾಭವನದಲ್ಲಿ ಮೇಜು ಹಾಕಿ ಎಲ್ಲ ಜೋಡಿಸಿದೆವು. ಒಂದು ಸೆನ್ಸರ್ ಪೆಟ್ಟಿಗೆಯೊಳಗೆ, ಹೋಲಿಸಿ ನೋಡಲು ಇನ್ನೊಂದು ಹೊರಗೆ ಮೇಜಿನ ಮೇಲೆ. ಅದೇ ಕಂಪ್ಯೂಟರಿಗೆ ಅಕ್ಕೋರ ಬ್ರೈಲ್ ಪಟ್ಟಿ. ಪರದೆಯ ಮೇಲೆ ಮೂಡುವ ಒಳಗಿನ ಶಾಖ, ಹೊರಗಿನ ಶಾಖ, ಎರಡೂ ಅವರ ಬೆರಳಡಿಯಲ್ಲಿ ಏಳುತ್ತಿದ್ದವು. ಹುಡುಗಿಯರು ಹುಳಗಳ ಬಗ್ಗೆ ವಿವರಿಸುತ್ತಿದ್ದರು. ಅಕ್ಕೋರು ಕೂತಲ್ಲಿಂದಲೇ ಅಂಕಿಗಳನ್ನು ಓದಿ ಹೇಳುತ್ತಿದ್ದರು. ನೋಡಲು ಬಂದ ಮಕ್ಕಳು ಅಕ್ಕೋರ ಸುತ್ತಲೇ ಮುತ್ತಿಕೊಂಡರು.

ನಿರ್ಣಾಯಕರು ಬಂದರು. ಹಿರಿಯರು, ಕೋಟಿನ ಜೇಬಿನಲ್ಲಿ ಪೆನ್ನು. ಪೆಟ್ಟಿಗೆ ನೋಡಿದರು, ಹುಡುಗಿಯರನ್ನು ಪ್ರಶ್ನೆ ಕೇಳಿದರು, ತಲೆದೂಗಿದರು. ಆಮೇಲೆ ಅಕ್ಕೋರ ಕಡೆ ನೋಡಿ, ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: "ಇವರು ಇಲ್ಲಿ ಏನು ಮಾಡ್ತಾ ಇದ್ದಾರೆ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕೋರು ಹೇಳಿದರು: "ಜೇನುಪೆಟ್ಟಿಗೆ ಓದ್ತಾ ಇದ್ದೇನೆ. ಪ್ರಶ್ನೆ ಇದ್ರೆ ನನ್ನನ್ನೇ ಕೇಳಿ, ಕಿವಿ ಸರಿಯಿದೆ."

ನಿರ್ಣಾಯಕರು ಸ್ವಲ್ಪ ಅಪ್ರತಿಭರಾದರು. ಆದರೂ ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಹುಡುಗಿಯರು ಕಿವಿಯಲ್ಲಿ ಹೇಳಿಕೊಡುತ್ತಿದ್ದಾರೆ ಅಂದುಕೊಂಡರೋ ಏನೋ, ಅವರಿಬ್ಬರಿಗೂ ಸುಮ್ಮನಿರಲು ಸನ್ನೆ ಮಾಡಿದರು. ನನಗೂ ಮಾಡಿದರು. ಆಮೇಲೆ ಸದ್ದಾಗದಂತೆ ಮೇಜಿಗೆ ಬಾಗಿ, ಹೊರಗಿದ್ದ ಸೆನ್ಸರನ್ನು ಮುಷ್ಟಿಯೊಳಗೆ ಹಿಡಿದುಕೊಂಡರು. ಸುತ್ತ ನಿಂತವರೆಲ್ಲ ಮೇಜಿನತ್ತ ಬಾಗಿದರು. ಕೇಳಿಸುತ್ತಿದ್ದದ್ದು ಜೇನುಹುಳಗಳ ಸದ್ದು, ಮತ್ತೆ ಪಟ್ಟಿಯ ಮೇಲೆ ಮೊಳೆಗಳು ಬದಲಾಗುವ ಸಣ್ಣ ಕರಕರ.

ಅಕ್ಕೋರ ಬೆರಳು ಒಂದು ಕಡೆ ನಿಂತಿತು. ಮುಖ ಅರಳಿತು.

"ಹೊರಗಿನದು ಏರ್ತಾ ಇದ್ದು. ಇನ್ನೂ ಏರ್ತಾ ಇದ್ದು. ಬಿಸಿಲು ಬಂದದ್ದಲ್ಲ, ಇಷ್ಟು ಬೇಗ ಏರೂದಿಲ್ಲ. ಯಾರೋ ಕೈಯಲ್ಲಿ ಹಿಡಿದಿದ್ರಿ. ಬಿಡಿ ಸರ್, ನಿಮ್ಮ ಕೈಯ ಶಾಖ ಅಳೀಲಿಕ್ಕೆ ನಾವು ಸಿದ್ದಾಪುರದಿಂದ ಬಂದದ್ದಲ್ಲ."

ಹುಡುಗಿಯರು ನಕ್ಕರು, ಮಕ್ಕಳು ಕೂಗಿದರು, ಪಕ್ಕದ ಮೇಜಿನವರೂ ಚಪ್ಪಾಳೆ ಹೊಡೆದರು. ನಿರ್ಣಾಯಕರು ಕೈ ಬಿಟ್ಟರು. ಅವರೂ ನಕ್ಕುಬಿಟ್ಟರು. ಕುರ್ಚಿ ಎಳೆದುಕೊಂಡು ಅಕ್ಕೋರ ಎದುರಿಗೆ ಕೂತು, "ಮೇಡಂ, ಇದು ಹೇಗೆ ಕೆಲಸ ಮಾಡ್ತದೆ, ಮೊದಲಿಂದ ಹೇಳಿ" ಅಂದರು. ಉಳಿದ ಮೇಜುಗಳು ಕಾಯುತ್ತಿದ್ದವು. ಅವರು ಏಳಲಿಲ್ಲ. ಅಷ್ಟು ಹೊತ್ತಿನಲ್ಲಿ ಒಂದು ಪ್ರಶ್ನೆಯನ್ನೂ ಅವರು ನನ್ನ ಕಡೆ ತಿರುಗಿ ಕೇಳಲಿಲ್ಲ.